ರಿವೆಟ್ ಎಣಿಸೋ ಪಂಡಿತರೇ, ಇದನ್ನೂ ಸ್ವಲ್ಪ ಎಣಿಸಿ

ಪ್ಲಾಸ್ಟಿಕ್ ಕಿಟ್ ತಂದು ಪುಟಾಣಿ ವಿಮಾನ ಮಾಡೋ ಹವ್ಯಾಸದವರಲ್ಲಿ ಒಂದು ಪಂಗಡ ಇದೆ. ‘ರಿವೆಟ್ ಕೌಂಟರ್’ ಅಂತ ಅವರಿಗೆ ಹೆಸರು. ನಿಜವಾದ ವಿಮಾನದ ರೆಕ್ಕೆಯಲ್ಲಿ ಎಷ್ಟು ಸಾಲು ರಿವೆಟ್ ಇತ್ತು, ಕಿಟ್‌ನಲ್ಲಿ ಎಷ್ಟಿದೆ, ಬಾಲದ ಬಣ್ಣ ಕಂದೋ ಹಸಿರೋ... ದಿನಾ ಇದೇ ಜಪ. ನಾನೂ ಅದೇ ಜಾತಿಯವನೇ ಬಿಡಿ, ಹಗಲು ಕೋಡ್, ರಾತ್ರಿ ಎಮರಿ ಪೇಪರ್. ಸೂಕ್ಷ್ಮ ಕೆಲಸದ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಇವರು ಮಾತುಮಾತಿಗೂ ಎತ್ತೋ ‘ನಿಖರತೆ’ ಅನ್ನೋ ಪದದ ಮೇಲೆ. ಅದರಲ್ಲೂ ಒಂದು ವಿಮಾನದ ವಿಷಯದಲ್ಲಿ: ಮೆಸ್ಸರ್‌ಶ್ಮಿಟ್ ಮಿ 262.

ಗೊತ್ತಿಲ್ಲದವರಿಗೆ ಎರಡೇ ಮಾತು. ಎರಡನೇ ಮಹಾಯುದ್ಧದ ಜರ್ಮನಿಯ ಜೆಟ್ ಯುದ್ಧವಿಮಾನ ಇದು. ಬರೀ ಜೆಟ್ ಎಂಜಿನ್ ಬಲದಲ್ಲಿ ಮೊದಲ ಸಲ ಹಾರಿದ್ದು 1942ರ ಜುಲೈ 18ರಂದು. ಗಂಟೆಗೆ ಸುಮಾರು 870 ಕಿ.ಮೀ. ವೇಗ, ಮೂತಿಯಲ್ಲಿ 30 ಮಿ.ಮೀ.ನ ನಾಲ್ಕು ಫಿರಂಗಿ, ನೋಡೋಕೆ ಥೇಟ್ ಶಾರ್ಕ್ ಮೀನು. ಸುಮಾರು 1,400 ತಯಾರಾದವು, ಯುದ್ಧಕ್ಕೆ ಇಳಿದದ್ದು ಅದರಲ್ಲಿ ಒಂದು ಪಾಲು ಮಾತ್ರ. ಇವತ್ತಿಗೂ ಕಿಟ್ ಮಾಡೋ ಕಂಪನಿಗಳಿಗೆ ಅಚ್ಚುಮೆಚ್ಚು.

ಮೊದಲು ಇವರ ಲೆಕ್ಕವನ್ನೇ ನೋಡೋಣ. ವಿಮಾನದ ಮೈ ಅಂದ್ರೆ ಲೋಹದ ಹಾಳೆಗಳ ಜೋಡಣೆ. ಒಂದು ಹಾಳೆ ಇನ್ನೊಂದಕ್ಕೆ ಸೇರೋ ಗೆರೆಗೆ ಪ್ಯಾನೆಲ್ ಲೈನ್ ಅಂತಾರೆ. ಕಿಟ್‌ನಲ್ಲಿ ಅದನ್ನ ಕೊರೆದಿರ್ತಾರೆ, ನಮ್ಮ ಪಂಡಿತರು ಇನ್ನೂ ಆಳಕ್ಕೆ ಕೊರೆದು, ಅದರೊಳಗೆ ತೆಳು ಕಪ್ಪು ಬಣ್ಣ ಹರಿಸಿ “ಆಹಾ, ಎಂಥಾ ಡೀಟೇಲ್” ಅಂತಾರೆ. 1/48 ಅಳತೆಯ ಮಾದರಿಯಲ್ಲಿ 0.2 ಮಿ.ಮೀ. ಅಗಲದ ಗೆರೆ ಅಂದ್ರೆ ಅಸಲಿ ವಿಮಾನದಲ್ಲಿ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಸಂದು! ಅಷ್ಟು ಬಿರುಕು ಬಿಟ್ಟ ವಿಮಾನವನ್ನ ಯಾವ ಪೈಲಟ್ ಹತ್ತುತ್ತಾನೆ ಮಾರಾಯ್ರೆ?

ಮಿ 262ನಲ್ಲಂತೂ ಆ ಸಂದುಗಳಿಗೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡ್ತಿದ್ರು, ಗಾಳಿ ತಡೆಯಬಾರದು ಅಂತ. ಇದಕ್ಕೆ ಫೋಟೋ ಸಾಕ್ಷಿಯೇ ಇದೆ. 1945ರ ಮಾರ್ಚ್ ಕೊನೆಯಲ್ಲಿ ಹಾನ್ಸ್ ಫೇ ಅನ್ನೋ ಕಂಪನಿಯ ಪರೀಕ್ಷಾ ಪೈಲಟ್ 111711 ಸಂಖ್ಯೆಯ ಹೊಸ ವಿಮಾನವನ್ನ ಫ್ರಾಂಕ್‌ಫರ್ಟ್ ಹತ್ತಿರ ಇಳಿಸಿ ಅಮೆರಿಕನ್ನರಿಗೆ ಒಪ್ಪಿಸಿಬಿಟ್ಟ. ಅದಕ್ಕೆ ಬಣ್ಣವೇ ಬಳಿದಿರಲಿಲ್ಲ. ಬೆತ್ತಲೆ ಲೋಹ, ಅದರ ಮೇಲೆ ಪುಟ್ಟಿಯ ಪಟ್ಟೆ ಪಟ್ಟೆ. ನಾನು ಮಾಡಿಟ್ಟಿರೋ ಮಾದರಿ ಅದೇ ವಿಮಾನದ್ದು. ಗೆರೆಗಳನ್ನ ಕೊರೆಯೋದು ಬಿಟ್ಟು ಮುಚ್ಚಿದೆ, ಪುಟ್ಟಿ ಪಟ್ಟೆಗಳನ್ನ ಒಂದೊಂದಾಗಿ ಬ್ರಶ್‌ನಲ್ಲಿ ಎಳೆದೆ. ಹಾಂ, ಮೂತಿಯೊಳಗೆ ಮೀನು ಗಾಳದ ಸೀಸ ತುಂಬೋದನ್ನ ಮರೀಬೇಡಿ, ಇಲ್ಲಾಂದ್ರೆ ಬಾಲದ ಮೇಲೆ ಕೂತುಬಿಡುತ್ತೆ. ಒಂದು ಪ್ರದರ್ಶನಕ್ಕೆ ಇದನ್ನ ಒಯ್ದಾಗ ತೀರ್ಪುಗಾರರೊಬ್ಬರು “ಪೇಂಟಿಂಗ್ ಯಾವಾಗ ಮುಗಿಸ್ತೀರಿ?” ಅಂತ ಕೇಳಿದ್ರು :)

ಹೋಗ್ಲಿ, ಗೆರೆ ವಿಷಯ ಬಿಡಿ. ಅದು ಅಂದಚಂದದ ಮಾತು, ಅವರವರ ಇಷ್ಟ. ಆದರೆ ಹೊಸ ವಿಮಾನಕ್ಕೆ ಬಣ್ಣ ಬಳಿಯೋಕೂ ಪುರುಸೊತ್ತಿಲ್ಲದ ಆ ಫ್ಯಾಕ್ಟರಿ ಎಂಥದ್ದು ಅನ್ನೋ ಪ್ರಶ್ನೆ ಇವರಿಗೆ ಯಾಕೆ ಬರಲ್ಲ?

ಮಿತ್ರಪಕ್ಷಗಳು ರೇಗೆನ್ಸ್‌ಬುರ್ಗ್, ಔಗ್ಸ್‌ಬುರ್ಗ್‌ನ ಕಾರ್ಖಾನೆಗಳ ಮೇಲೆ ಬಾಂಬ್ ಸುರಿದ ಮೇಲೆ ಮೆಸ್ಸರ್‌ಶ್ಮಿಟ್‌ನ ಕೆಲಸವನ್ನ ಕಾಡಿನ ಮರಗಳ ಕೆಳಗೆ, ಬೆಟ್ಟಗಳ ಒಳಗೆ ಹಂಚಿಹಾಕಿದ್ರು. ಒಂದು ಕಡೆ ರೆಕ್ಕೆ, ಇನ್ನೊಂದು ಕಡೆ ಒಡಲು. ಅದಕ್ಕೇ ಒಂದೇ ವಿಮಾನದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಬಣ್ಣ. ಆರ್‌ಎಲ್‌ಎಮ್ 81, 82 ಅಂತ ಬಣ್ಣದ ನಂಬರ್ ಹಿಡಿದು ಪಂಡಿತರು ಜಗಳ ಆಡೋದು ಇದಕ್ಕೇ.

ಆಸ್ಟ್ರಿಯಾದಲ್ಲಿ ಲಿಂಟ್ಸ್ ಹತ್ತಿರ ಗುಸೆನ್ ಅಂತ ಊರಿದೆ. ಮೌತ್‌ಹೌಸನ್ ಯಾತನಾ ಶಿಬಿರದ ಶಾಖೆಗಳು ಅಲ್ಲಿದ್ದವು. 1944ರಲ್ಲಿ ‘ಗುಸೆನ್ 2’ ಅಂತ ಇನ್ನೊಂದನ್ನ ತೆರೆದು, ಕೈದಿಗಳಿಂದ ಪಕ್ಕದ ಸಾಂಕ್ಟ್ ಗೇಓರ್ಗೆನ್‌ನ ಮರಳುಕಲ್ಲಿನ ಗುಡ್ಡವನ್ನ ಕಿಲೋಮೀಟರುಗಟ್ಟಲೆ ಕೊರೆಸಿದ್ರು. ಆ ಸುರಂಗಕ್ಕೆ ಇಟ್ಟ ಗುಪ್ತನಾಮ ‘ಬೆರ್ಗ್‌ಕ್ರಿಸ್ಟಾಲ್’, ಅಂದ್ರೆ ಸ್ಫಟಿಕ. ಎಷ್ಟು ಚಂದದ ಹೆಸರು ನೋಡಿ! ಅದರೊಳಗೆ ತಯಾರಾಗ್ತಿದ್ದದ್ದು ಮಿ 262ನ ಒಡಲು. ಪೋಲೆಂಡ್, ಸೋವಿಯತ್ ಒಕ್ಕೂಟ, ಇಟಲಿಯ ಕೈದಿಗಳು, ಹಂಗೆರಿಯಿಂದ ಸಾಗಿಸಿ ತಂದ ಯಹೂದಿಗಳು... ಹಸಿವು, ಹೊಡೆತ, ಕಲ್ಲಿನ ಧೂಳು. ಸಾವಿರಾರು ಜನ ಸತ್ತರು. 1945ರ ಮೇ 5ರಂದು ಅಮೆರಿಕನ್ ಸೇನೆ ಬರೋವರೆಗೂ ಇದು ನಡೀತು. ಜರ್ಮನಿಯ ಕಾಲಾ ಊರಿನ ಪಕ್ಕದ ಗುಡ್ಡದಲ್ಲೂ ಇದೇ ವಿಮಾನಕ್ಕಾಗಿ ಪರದೇಶದ ಜನರನ್ನ ಬಲವಂತದಿಂದ ದುಡಿಸಿದ್ರು.

ಈ ಮಾತು ತೆಗೆದ್ರೆ ಸಾಕು, “ಇದು ಹವ್ಯಾಸ ಕಣ್ರೀ, ರಾಜಕೀಯ ಬೇಡ” ಅಂತಾರೆ. ಸರಿ ಸ್ವಾಮಿ. ಆದರೆ ಇದೇ ಜನ ಇನ್ನೊಂದು ಕಡೆ ಏನಂತಾರೆ ಗೊತ್ತಾ? ಜರ್ಮನಿಯ ಕಾನೂನಿಗೆ ಹೆದರಿ ಎಷ್ಟೋ ಕಿಟ್‌ಗಳ ಡಿಕಾಲ್ ಹಾಳೆಯಲ್ಲಿ ಸ್ವಸ್ತಿಕ ಇರಲ್ಲ, ಇದ್ದರೂ ಎರಡು ತುಂಡು ಮಾಡಿ ಕೊಟ್ಟಿರ್ತಾರೆ. ಆಗ “ಇತಿಹಾಸ ಮುಚ್ಚಿಡ್ತಾರೆ!” ಅಂತ ಬೊಬ್ಬೆ ಹೊಡೆದು, ಬೇರೆ ಕಡೆಯಿಂದ ದುಡ್ಡು ಕೊಟ್ಟು ತರಿಸಿ ಬಾಲಕ್ಕೆ ಅಂಟಿಸ್ತಾರೆ. ಬಾಲದ ಮೇಲಿನ ಚಿಹ್ನೆ ಇತಿಹಾಸ, ಆ ಬಾಲ ನಿಂತಿರೋ ಒಡಲು ಮಾಡಿದವನು ರಾಜಕೀಯ. ಇದ್ಯಾವ ಲಾಜಿಕ್ಕು?

ಇನ್ನು ಕೆಲವರ ವಾದ, “ಹಾಗಾದ್ರೆ ಯಾವ ಯುದ್ಧವಿಮಾನವನ್ನೂ ಮಾಡಬಾರದು, ಎಲ್ಲವೂ ಕೊಂದಿವೆ.” ಅಲ್ಲ. ಕೊಲ್ಲೋಕೆ ಮಾಡಿದ ಯಂತ್ರ ಕೊಲ್ಲುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಇದು ಹಾರೋಕೆ ಮೊದಲೇ, ತಯಾರಾಗುವಾಗಲೇ ಕೊಂದಿತ್ತು. ಮಾಡಬೇಡಿ ಅಂತ ನಾನು ಹೇಳ್ತಾನೂ ಇಲ್ಲ. ನಿಕಲ್, ಕ್ರೋಮಿಯಂ ಸಿಗದೆ ಸಾದಾ ಉಕ್ಕಿಗೆ ಅಲ್ಯೂಮಿನಿಯಂ ಲೇಪಿಸಿ ಜೆಟ್ ಎಂಜಿನ್ ಮಾಡಿದ್ದು ಎಂಜಿನಿಯರ್ ಆದವನು ಬೆರಗಾಗೋ ವಿಷಯವೇ. ಆ ಎಂಜಿನ್ ಇಪ್ಪತ್ತೈದು ಗಂಟೆ ಬಾಳಿದ್ರೆ ಪುಣ್ಯ, ಅದೂ ನಿಜ. “ಹಿಟ್ಲರ್ ಬಾಂಬರ್ ಮಾಡಿ ಅನ್ನದೇ ಇದ್ದಿದ್ರೆ ಇದು ಯುದ್ಧ ಗೆಲ್ತಿತ್ತು” ಅನ್ನೋರು ಆ ಎಂಜಿನ್ನಿನ ಕತೆಯನ್ನ ಮೊದಲು ಓದಲಿ.

ಮಾದರಿಯ ಕೆಳಗೆ ಎಲ್ಲರೂ ಒಂದು ಪುಟ್ಟ ಫಲಕ ಇಡ್ತಾರೆ. ಪೈಲಟ್ ಹೆಸರು, ಸ್ಕ್ವಾಡ್ರನ್, ಎಷ್ಟು ವಿಮಾನ ಹೊಡೆದುರುಳಿಸಿದ. ಅದರಲ್ಲಿ ಇನ್ನೊಂದು ಸಾಲು ಖಂಡಿತ ಹಿಡಿಸುತ್ತೆ, ನಾನು ಹಾಕಿ ನೋಡಿದ್ದೀನಿ: “ಮಿ 262ರ ಒಡಲು ಕಟ್ಟಿದವರಲ್ಲಿ ಗುಸೆನ್ 2ರ ಕೈದಿಗಳೂ ಇದ್ದರು, 1944–45.” ಎಂಟು ಸೆಂಟಿಮೀಟರ್ ಫಲಕ ಸಾಕು. ಅದನ್ನ ಹಾಕಿ ಬನ್ನಿ, ಆರ್‌ಎಲ್‌ಎಮ್ 81 ಕಂದೋ ಹಸಿರೋ ಅಂತ ರಾತ್ರಿಯೆಲ್ಲ ಜಗಳ ಆಡೋಣ. ನನ್ನ ವೋಟು ಕಂದಿಗೆ.