ಮೊದಲು ಶ್ರುತಿ ಕೇಳಿ, ಆಮೇಲೆ ಉಳಿ ಹಿಡಿಯಿರಿ

ಹಳೆಯ ಕ್ಲಾರಿನೆಟ್ ಕೈಗೆ ಸಿಕ್ಕರೆ ಜನ ಮೊದಲು ಮಾಡುವ ಕೆಲಸ ಅದನ್ನು ಹೊಳಪಿಸುವುದು. ಕೀಲಿಗಳಿಗೆ ಪಾಲಿಶ್, ಹೊಸ ಪ್ಯಾಡು, ಹೊಸ ಕಾರ್ಕು, ಮರಕ್ಕೆ ಎಣ್ಣೆ. ಇಷ್ಟೆಲ್ಲ ಮುಗಿದ ಮೇಲೆ ಊದಿ ನೋಡುತ್ತಾರೆ. ಪಕ್ಕದ ಕೀಬೋರ್ಡಿಗೆ ಹೊಂದುವುದಿಲ್ಲ. ತಕ್ಷಣ ‘ವಾದ್ಯವೇ ಅಪಶ್ರುತಿ’ ಎಂಬ ತೀರ್ಪು. ಆಮೇಲೆ ಬ್ಯಾರೆಲ್ ಬದಲಿಸುವುದು, ರಂಧ್ರ ತುಂಬುವುದು, ಮತ್ತೆ ಕೊರೆಯುವುದು ಶುರು. ನನ್ನ ತಕರಾರು ಈ ಕ್ರಮದ ಮೇಲೆಯೇ. ಶ್ರುತಿ ಪತ್ತೆ ಹಚ್ಚುವುದು ರಿಪೇರಿಯ ಮೊದಲ ಹೆಜ್ಜೆ. ಅದನ್ನು ಬಿಟ್ಟು ಮಾಡಿದ್ದು ರಿಪೇರಿಯ ಹೆಸರಿನಲ್ಲಿ ನಡೆಯುವ ಹಾನಿ.

‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬ ಇಂದಿನ ಲೆಕ್ಕ ವೇದವಾಕ್ಯವೇನಲ್ಲ. ಅಂತಾರಾಷ್ಟ್ರೀಯ ಒಪ್ಪಂದವಾಗಿ ಅದು ಬಂದದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಫ್ರಾನ್ಸ್ 1859ರಲ್ಲೇ 435 ಎಂದು ಗೊತ್ತುಮಾಡಿತ್ತು. ಇಂಗ್ಲೆಂಡಿನಲ್ಲಿ 452ರ ಆಸುಪಾಸಿನ ‘ಹೈ ಪಿಚ್’ ಮೆರೆಯಿತು. ಅಲ್ಲಿನ ಸೇನಾ ಬ್ಯಾಂಡುಗಳಂತೂ 1920ರ ದಶಕದ ಕೊನೆಯವರೆಗೂ ಅದನ್ನು ಬಿಡಲಿಲ್ಲ. ಅಮೆರಿಕದ ಹೈ ಪಿಚ್ ಇನ್ನೂ ಏರಿ 457ರ ಹತ್ತಿರ ನಿಂತಿತು. 452ಕ್ಕೂ 440ಕ್ಕೂ ಇರುವ ಅಂತರ ಸುಮಾರು ಅರ್ಧ ಸೆಮಿಟೋನು. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ಬಿಳಿ ಮನೆಗೂ ಅದರ ಪಕ್ಕದ ಕರಿ ಮನೆಗೂ ನಡುವಿನ ಸಂದಿ. ಅಂಥ ವಾದ್ಯ ಇಂದಿನ ಕೀಬೋರ್ಡಿಗೆ ಎಲ್ಲಿಯೂ ಕೂರದು. ಅದನ್ನು ಅಪಶ್ರುತಿ ಎನ್ನುವುದು ನಮ್ಮ ಅಜ್ಞಾನ. ಅದು ತನ್ನ ಕಾಲದ ಶ್ರುತಿಯಲ್ಲಿ ನೆಟ್ಟಗೇ ಇದೆ.

‘ಬ್ಯಾರೆಲ್ ಸ್ವಲ್ಪ ಹೊರಗೆಳೆದರೆ ಆಯಿತಲ್ಲ’ ಎನ್ನುವವರಿದ್ದಾರೆ. ಆಗುವುದಿಲ್ಲ. ಕ್ಲಾರಿನೆಟ್ಟಿನ ಪ್ರತಿಯೊಂದು ರಂಧ್ರದ ಜಾಗವೂ ಕೊಳವೆಯ ಒಟ್ಟು ಉದ್ದಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದು. ಬ್ಯಾರೆಲ್ ಎಳೆದರೆ ಬಾಯಿಗೆ ಹತ್ತಿರದ ರಂಧ್ರಗಳ ಸ್ವರಗಳು ಬಹಳ ಇಳಿಯುತ್ತವೆ, ತುದಿಯ ಸ್ವರಗಳು ಅಷ್ಟಾಗಿ ಇಳಿಯುವುದಿಲ್ಲ. ಒಂದು ಸ್ವರ ಸರಿಹೋಯಿತು ಅನ್ನುವಷ್ಟರಲ್ಲಿ ಹತ್ತು ಸ್ವರ ಕೆಟ್ಟಿರುತ್ತವೆ. ಇದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. 1895ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಪ್ರಾಮ್ಸ್ ಕಛೇರಿಗಳು ಶುರುವಾದಾಗ ಹಣ ಕೊಟ್ಟವರು ಗಂಟಲ ತಜ್ಞ ಜಾರ್ಜ್ ಕ್ಯಾಥ್‌ಕಾರ್ಟ್. ಏರಿದ ಶ್ರುತಿಯಿಂದ ಗಾಯಕರ ಗಂಟಲು ಹಾಳಾಗುತ್ತಿದೆ, ಶ್ರುತಿ ಇಳಿಸಬೇಕು ಎಂಬುದು ಅವರ ಷರತ್ತು. ಪಿಟೀಲಿನ ತಂತಿ ಸಡಿಲಿಸಿದರೆ ಸಾಕು. ಆದರೆ ಊದುವವರಿಗಾಗಿ ಹೊಸ ವಾದ್ಯಗಳನ್ನೇ ತರಿಸಬೇಕಾಯಿತು. ಇದ್ದ ವಾದ್ಯವನ್ನೇ ಇಳಿಸಿಕೊಳ್ಳಬಹುದಾಗಿದ್ದರೆ ಆ ಖರ್ಚು ಯಾಕೆ ಬೇಕಿತ್ತು?

ಪತ್ತೆ ಹಚ್ಚುವುದೇನೂ ಬ್ರಹ್ಮವಿದ್ಯೆಯಲ್ಲ, ತಾಳ್ಮೆ ಬೇಕು ಅಷ್ಟೆ. ಮೊದಲು ಮರದ ಮೇಲಿನ ಮುದ್ರೆ ಓದಿ. ಅಮೆರಿಕದ ವಾದ್ಯಗಳಲ್ಲಿ ‘ಎಚ್‌ಪಿ’, ‘ಎಲ್‌ಪಿ’ ಎಂದು ಕೊರೆದಿರುವುದುಂಟು. ಜರ್ಮನ್ ವಾದ್ಯದ ಮೇಲೆ ಬರೀ ‘ಬಿ’ ಎಂದಿದ್ದರೆ ಅದರ ಅರ್ಥ ಬಿ-ಫ್ಲಾಟ್. ಮುದ್ರೆ ಇಲ್ಲದಿದ್ದರೆ ಅಳತೆ ಪಟ್ಟಿ ಹಿಡಿಯಿರಿ. ಮೌತ್‌ಪೀಸ್ ಬಿಟ್ಟು ಇಂದಿನ ಬಿ-ಫ್ಲಾಟ್ ಕ್ಲಾರಿನೆಟ್ ಸುಮಾರು 60 ಸೆಂ.ಮೀ.; ಹೈ ಪಿಚ್ಚಿನದು ಒಂದೂವರೆ ಸೆಂ.ಮೀ.ನಷ್ಟು ಗಿಡ್ಡ. ಆದರೆ ಬ್ಯಾರೆಲ್ ಮೂಲದ್ದೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಕಳೆದುಹೋದ ಬ್ಯಾರೆಲ್ಲಿನ ಜಾಗಕ್ಕೆ ಬೇರೆ ವಾದ್ಯದ್ದನ್ನು ಸಿಕ್ಕಿಸಿರುವುದು ಸಾಮಾನ್ಯ. ಕೊನೆಗೆ, ಸೋರುವ ಪ್ಯಾಡುಗಳನ್ನು ಟೇಪಿನಿಂದ ತಾತ್ಕಾಲಿಕವಾಗಿ ಮುಚ್ಚಿ, ಮೊಬೈಲಿನ ಟ್ಯೂನರ್ ಎದುರಿಟ್ಟುಕೊಂಡು ಊದಿ. ಒಣಗಿದ ಮರ ಬಿರುಕು ಬಿಟ್ಟೀತು, ನಾಲ್ಕೈದು ನಿಮಿಷಕ್ಕೆ ನಿಲ್ಲಿಸಿ. ಒಂದೇ ಸ್ವರವನ್ನು ನಂಬಬೇಡಿ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ಹೈ ಪಿಚ್. ಒಂದೊಂದು ಒಂದೊಂದು ಕಡೆ ಎಳೆಯುತ್ತಿದ್ದರೆ ದೋಷ ಬೇರೆಲ್ಲೋ ಇದೆ.

‘ನುಡಿಸಲಾಗದ ವಾದ್ಯ ಬರೀ ಕಟ್ಟಿಗೆ, ಇಂದಿನ ಶ್ರುತಿಗೆ ತಂದರೆ ತಪ್ಪೇನು?’ ಎಂಬ ವಾದ ಕೇಳಿದ್ದೇನೆ. ವಾದ್ಯ ನುಡಿಯಬೇಕು ಎಂಬುದಕ್ಕೆ ನನ್ನ ಪೂರ್ಣ ಸಹಮತವಿದೆ. ಅದು ತನ್ನ ದನಿಯಲ್ಲಿ ನುಡಿಯಲಿ. ಆರ್ಕೆಸ್ಟ್ರಾದಲ್ಲಿ ಕೂರಲು 440ರ ವಾದ್ಯ ಬೇಕೆಂದರೆ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ನೂರು ವರ್ಷದ ಹಿಂದಿನ ಬ್ಯಾಂಡು ಹೇಗೆ ಕೇಳುತ್ತಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮಗಂತೂ ಈ 440ರ ಗುಲಾಮಗಿರಿ ಅಗತ್ಯವೇ ಇಲ್ಲ. ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತಕ್ಕೆ, ರಾಯಚೂರಿನ ನರಸಿಂಹಲು ವಡವಾಟಿ ಹಿಂದೂಸ್ತಾನಿಗೆ ಒಗ್ಗಿಸಿಕೊಂಡ ವಾದ್ಯವಿದು. ನಮ್ಮ ಷಡ್ಜಕ್ಕೆ ಸರ್ಕಾರಿ ಅಳತೆ ಇಲ್ಲ. ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿದರೆ ಹೈ ಪಿಚ್ಚಿನ ಕ್ಲಾರಿನೆಟ್ ಅದರೊಂದಿಗೆ ಸುಖವಾಗಿ ಕೂರುತ್ತದೆ. ತಿರುಗಿಸಬೇಕಾದ್ದು ತಂಬೂರಿಯ ಗುಂಡಿ. ಅದನ್ನು ಬಿಟ್ಟು ಮರ ಕೊರೆಯುತ್ತೇವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ. ತಾಳೆಗರಿಯ ಪಾಠ ತಿದ್ದುವ ಮುನ್ನ ಸಂಪಾದಕ ಅದರ ಛಂದಸ್ಸು ಯಾವುದೆಂದು ನೋಡುತ್ತಾನೆ. ಷಟ್ಪದಿಯನ್ನು ಕಂದವೆಂದು ತಿಳಿದು ಮಾತ್ರೆ ಕತ್ತರಿಸಿದವನನ್ನು ನಾವು ವಿದ್ವಾಂಸ ಎನ್ನುವುದಿಲ್ಲ. ಅವನಾದರೂ ಕೆಡಿಸಿದ್ದು ಪ್ರತಿಯನ್ನು, ಮೂಲದ ಓಲೆ ಭದ್ರವಾಗಿಯೇ ಇರುತ್ತದೆ. ಕ್ಲಾರಿನೆಟ್ಟಿಗೆ ಆ ಭಾಗ್ಯವಿಲ್ಲ. ಕೊರೆದ ಮರ ಮತ್ತೆ ಕೂಡುವುದಿಲ್ಲ.