ದೂರು ಕೊಟ್ಟವನ ಹೆಸರು ಕಾಯುವವರು ಯಾರು?

ಬೆಂಗಳೂರು: ಕಚೇರಿಯಲ್ಲಿ ಅಕ್ರಮ ಕಂಡುಬಂದರೆ ನೌಕರರು ನಿರ್ಭಯವಾಗಿ ದೂರು ನೀಡಬೇಕು ಎನ್ನುವ ಸುತ್ತೋಲೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಹಾಗೆ ದೂರು ಕೊಟ್ಟವರ ರಕ್ಷಣೆಗೆಂದೇ ಸಂಸತ್ತು ಅಂಗೀಕರಿಸಿ, 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆ ಇಂದಿಗೂ ಜಾರಿಗೆ ಬಂದಿಲ್ಲ. ಜಾರಿಯ ದಿನಾಂಕವನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು. ಆ ಒಂದು ಅಧಿಸೂಚನೆ ಹೊರಬಿದ್ದಿಲ್ಲ.

ಈ ಕಾಯ್ದೆಯ ಮೂಲವಿರುವುದು ಒಂದು ಪತ್ರದಲ್ಲಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಸುವರ್ಣ ಚತುಷ್ಪಥ ಕಾಮಗಾರಿಯ ಭ್ರಷ್ಟಾಚಾರವನ್ನು ವಿವರಿಸಿ ಪ್ರಧಾನಿ ಕಚೇರಿಗೆ ಬರೆದರು. ತಮ್ಮ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿಟ್ಟು, ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಹತ್ಯೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಲೆಯ ಉದ್ದೇಶ ಏನೇ ಇರಲಿ, ಗುಟ್ಟಾಗಿಡಿ ಎಂದು ಕೇಳಿಕೊಂಡ ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದಕ್ಕೆ ಸಮಜಾಯಿಷಿ ಇಲ್ಲ.

ಇದರ ಬೆನ್ನಲ್ಲೇ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿರ್ಣಯವೊಂದನ್ನು ಹೊರಡಿಸಿ, ಇಂತಹ ದೂರುಗಳನ್ನು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು. ಅನಾಮಧೇಯ ದೂರುಗಳಿಗೆ ಅಲ್ಲಿ ಮಾನ್ಯತೆ ಇಲ್ಲ. 2014ರ ಕಾಯ್ದೆಯದೂ ಇದೇ ನಿಲುವು. ದೂರುದಾರ ಹೆಸರು ಹೇಳಲೇಬೇಕು. ಅದನ್ನು ಬಹಿರಂಗಪಡಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ. ಸುಳ್ಳೆಂದು ತಿಳಿದೂ ದುರುದ್ದೇಶದಿಂದ ದೂರು ಕೊಟ್ಟವರಿಗೂ ಎರಡು ವರ್ಷಗಳವರೆಗೆ ಶಿಕ್ಷೆಯುಂಟು. ಹೆಸರು ಕೇಳುವುದು ತಪ್ಪಲ್ಲ, ಹಗೆ ತೀರಿಸಿಕೊಳ್ಳುವ ಮೂಗರ್ಜಿಗಳ ಕಾಟ ಯಾವ ಕಚೇರಿಗೂ ಹೊಸದಲ್ಲ. ಆದರೆ ಹೆಸರನ್ನು ಪಡೆಯುವ ನಿಯಮ ನಡೆಯುತ್ತಿರುವಾಗ, ಅದನ್ನು ಸೋರಿಸಿದವರನ್ನು ದಂಡಿಸಬೇಕಾದ ಕಾಯ್ದೆ ಮಾತ್ರ ನಿದ್ರಿಸುತ್ತಿದೆ.

ಕಾಯ್ದೆಯನ್ನು ಜಾರಿಗೆ ತರುವ ಮೊದಲೇ ತಿದ್ದುಪಡಿಗೂ ಸರ್ಕಾರ ಮುಂದಾಗಿತ್ತು. ಹತ್ತು ಬಗೆಯ ಮಾಹಿತಿಯನ್ನು ದೂರಿನ ವ್ಯಾಪ್ತಿಯಿಂದ ಹೊರಗಿಡುವ ಮಸೂದೆಗೆ 2015ರ ಮೇನಲ್ಲಿ ಲೋಕಸಭೆ ಒಪ್ಪಿಗೆ ನೀಡಿತು. ರಾಜ್ಯಸಭೆಯಲ್ಲಿ ಉಳಿದ ಅದು 2019ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ತಿದ್ದುಪಡಿಯ ನೆಪವೂ ಅಲ್ಲಿಗೆ ಮುಗಿದಿತ್ತು.

ಹೆಸರು ಗುಟ್ಟಾಗಿಡಲು ಸಾಧ್ಯವೇ ಇಲ್ಲದ ಹುದ್ದೆಗಳೂ ಇವೆ. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದರು. 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 27 ವರ್ಷ. ಗೃಹ ನಿರ್ಮಾಣ ಸಹಕಾರ ಸಂಘಗಳ ಲೆಕ್ಕಪತ್ರ ಕೆದಕಿದ್ದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ 2012ರ ಮೇನಲ್ಲಿ ಬೆಂಗಳೂರಿನಲ್ಲೇ ಹಲ್ಲೆಗೊಳಗಾಗಿ ಅಸುನೀಗಿದರು. ವರದಿಗೆ ಸಹಿ ಹಾಕುವುದೇ ಇಂತಹವರ ಕೆಲಸ. ಗೋಪ್ಯತೆ ಇವರನ್ನು ಕಾಯದು, ಇಲಾಖೆ ಬೆನ್ನಿಗೆ ನಿಲ್ಲಬೇಕು.

ಖಾಸಗಿ ನೌಕರರು 2014ರ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು ದೂರು ಸ್ವೀಕಾರಕ್ಕೆ ವ್ಯವಸ್ಥೆ ಹೊಂದಿರಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸುತ್ತದೆ, ಅಷ್ಟೇ. ಹಾಗಿದ್ದರೂ ಅನಾಮಧೇಯ ದೂರನ್ನು ಹೇಗೆ ನಿಭಾಯಿಸಬಹುದೆಂಬುದಕ್ಕೆ ನಿದರ್ಶನ ದೊರೆತದ್ದು ಬೆಂಗಳೂರಿನ ಇನ್ಫೋಸಿಸ್‌ನಿಂದಲೇ. ಲೆಕ್ಕಪತ್ರದಲ್ಲಿ ಅಕ್ರಮ ನಡೆದಿದೆಯೆಂದು ‘ನೈತಿಕ ನೌಕರರು’ ಎಂಬ ಹೆಸರಿನಲ್ಲಿ ಬಂದ ಪತ್ರ 2019ರ ಅಕ್ಟೋಬರ್‌ನಲ್ಲಿ ಬಹಿರಂಗವಾದಾಗ, ಕಂಪನಿಯ ಷೇರು ಒಂದೇ ದಿನ ಶೇ 16ರಷ್ಟು ಕುಸಿಯಿತು. ತನಿಖೆ ನಡೆಸಿದ ಲೆಕ್ಕಪರಿಶೋಧನಾ ಸಮಿತಿ, ಆರೋಪಕ್ಕೆ ಪುರಾವೆ ಇಲ್ಲವೆಂದು 2020ರ ಜನವರಿಯಲ್ಲಿ ಪ್ರಕಟಿಸಿತು. ದೂರು ನಿಲ್ಲಲಿಲ್ಲ ನಿಜ. ಆದರೆ ಸಹಿಯಿಲ್ಲವೆಂದು ಅದು ಕಸದ ಬುಟ್ಟಿಗೂ ಸೇರಲಿಲ್ಲ.

ಇತ್ತ ಸೆಬಿ, ಒಳವ್ಯವಹಾರದ ಸುಳಿವು ಕೊಡುವವರಿಗೆ 2019ರಲ್ಲಿ ಒಂದು ಕೋಟಿ ರೂಪಾಯಿವರೆಗೆ ಬಹುಮಾನ ಘೋಷಿಸಿ, 2021ರಲ್ಲಿ ಆ ಮಿತಿಯನ್ನು ಹತ್ತು ಕೋಟಿಗೆ ಏರಿಸಿತು. ಮಾಹಿತಿಯನ್ನು ವಕೀಲರ ಮೂಲಕ, ಹೆಸರು ಮರೆಮಾಚಿಯೂ ಸಲ್ಲಿಸಬಹುದು. ಹೂಡಿಕೆದಾರರ ಹಣಕ್ಕೆ ದೊರೆತ ಈ ಕಾಳಜಿ, ರಸ್ತೆ ಕಾಮಗಾರಿಯ ಕಳಪೆ ಜಲ್ಲಿಯ ಬಗ್ಗೆ ಬರೆಯುವ ಎಂಜಿನಿಯರ್‌ಗೆ ಇನ್ನೂ ದೊರೆತಿಲ್ಲ.