ಕಾಳು ಬೆಂದಿದೆಯೇ?

ಹೋಟೆಲಿನಲ್ಲಿ ಊಟಕ್ಕೆ ಕುಳಿತವನು ಊಟ ಮುಗಿಯುವುದರೊಳಗಾಗಿ ನ್ಯಾಯಾಧೀಶನಾಗಿಬಿಡುತ್ತಾನೆ. ‘ಸಾರು ಚೆನ್ನಾಗಿಲ್ಲ’ ಎಂಬ ತೀರ್ಪು ಕೈ ತೊಳೆಯುವ ಮೊದಲೇ ಹೊರಬೀಳುತ್ತದೆ. ಅದಕ್ಕೆ ವಾದವಿಲ್ಲ, ಸಾಕ್ಷಿಯಿಲ್ಲ, ಮೇಲ್ಮನವಿಯೂ ಇಲ್ಲ. ಹಿಂದೆ ಈ ತೀರ್ಪು ಪಕ್ಕದ ಮೇಜಿನವರೆಗೆ ಮಾತ್ರ ಕೇಳಿಸುತ್ತಿತ್ತು. ಇಂದು ಅಂಗೈಯೊಳಗಿನ ದೂರವಾಣಿಯ ಮೂಲಕ ಊರಿಗೆಲ್ಲ ಮುಟ್ಟುತ್ತದೆ. ಮತ್ತೊಬ್ಬರ ಜೀವನೋಪಾಯದ ಮೇಲೆ ಆಡುವ ಈ ಮಾತಿಗೆ ಆಧಾರವೇನಿರಬೇಕು ಎಂದು ವಿಚಾರಿಸುವುದು ಕ್ಷುಲ್ಲಕವಾದ ಕಾರ್ಯವಲ್ಲ.

ಅಡಿಗೆಯನ್ನು ಶಾಸ್ತ್ರವೆಂದು ಗೌರವಿಸಿದ ನಾಡು ಇದು. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೆ ಸ್ಥಾನವಿದೆ. ಮುಂದೆ ಮಂಗರಸನು ಈ ವಿಷಯಕ್ಕಾಗಿಯೇ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಬರೆದನು. ಸೂಪವೆಂದರೆ ಬೇಳೆಕಾಳುಗಳಿಂದ ಮಾಡಿದ ತೊವ್ವೆ ಅಥವಾ ಸಾರು. ಅಡಿಗೆಯ ಶಾಸ್ತ್ರಕ್ಕೆ ಹೆಸರು ದೊರೆತದ್ದು ಭಕ್ಷ್ಯಗಳಿಂದಲ್ಲ, ಬೆಂದ ಕಾಳಿನಿಂದ ಎಂಬುದು ಗಮನಿಸಬೇಕಾದ ಸಂಗತಿ. ಅಡಿಗೆಯವನ ಯೋಗ್ಯತೆಯನ್ನು ಕಾಳಿನಿಂದ ಅಳೆಯುವುದೇ ಸರಿಯೆಂದು ಈ ಹೆಸರಿನ ಬಲದಿಂದಲೂ ವಾದಿಸಬಹುದು.

ಶಿವಮೊಗ್ಗ ಮತ್ತು ಭದ್ರಾವತಿ ಈ ಪರೀಕ್ಷೆಗೆ ಒಳ್ಳೆಯ ಕ್ಷೇತ್ರಗಳು. ಒಂದು ತುಂಗೆಯ ದಡದಲ್ಲಿದೆ, ಇನ್ನೊಂದು ಭದ್ರೆಯ ದಡದಲ್ಲಿದೆ. ಮಲೆನಾಡಿನ ಅಕ್ಕಿರೊಟ್ಟಿ, ಕಡುಬುಗಳೂ ಬಯಲುಸೀಮೆಯ ರಾಗಿಮುದ್ದೆಯೂ ಇಲ್ಲಿ ಒಂದೇ ಬೀದಿಯಲ್ಲಿ ಎದುರುಬದುರಾಗಿ ಸಿಕ್ಕುತ್ತವೆ. ಇವೆಲ್ಲಕ್ಕೂ ಜೊತೆಯಾಗುವುದು ಕಾಳು. ಹುರುಳಿಯ ಕಟ್ಟಿನ ಸಾರು, ಸೊಪ್ಪು ಕಾಳುಗಳ ಬಸ್ಸಾರು, ಅಲಸಂದೆಯ ಪಲ್ಯ ವರ್ಷವೆಲ್ಲ ನಡೆಯುತ್ತವೆ. ಚಳಿಗಾಲ ಬಂತೆಂದರೆ ಮಾತ್ರ ಅವರೆಯದೇ ರಾಜ್ಯಭಾರ.

ಅವರೆಯ ಗುಣವನ್ನು ಅರಿಯದೆ ಅವರೆಯ ಸಾರನ್ನು ಅಳೆಯಲಾಗದು. ಹಳೆಯ ನಾಟಿ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂತಹ ಜಿಡ್ಡಿರುತ್ತದೆ. ಅದರ ಪರಿಮಳವನ್ನೇ ಜನರು ಸೊಗಡು ಎನ್ನುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ರೈತರ ನಂಬಿಕೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆಯ ತಳಿಗಳನ್ನು ಸಿದ್ಧಪಡಿಸಿದ ಮೇಲೆ ಬೇರೆ ಕಾಲಗಳಲ್ಲಿಯೂ ಅವರೆ ದೊರೆಯುವಂತಾಯಿತು. ಇದು ಉಪಕಾರವೇ ಸರಿ. ಆದರೆ ಬೇಸಗೆಯಲ್ಲಿ ಅವರೆಯ ಸಾರನ್ನು ಬೇಡಿ, ಅದರಲ್ಲಿ ಪುಷ್ಯಮಾಸದ ಸೊಗಡಿಲ್ಲವೆಂದು ಭಟ್ಟನನ್ನು ದೂರುವುದು ಯಾವ ನ್ಯಾಯ?

ಇನ್ನು ಬೇಯಿಸುವ ವಿಷಯ. ಮಸಾಲೆಯ ತಪ್ಪನ್ನು ಮುಚ್ಚಬಹುದು. ಖಾರಕ್ಕೆ ಬೆಲ್ಲ, ಹುಳಿಗೆ ಕಾಯಿಹಾಲು ಇದ್ದೇ ಇವೆ. ಕಾಳಿನ ತಪ್ಪನ್ನು ಮುಚ್ಚುವ ಉಪಾಯವಿಲ್ಲ. ಒಣಗಿದ ಕಾಳಿಗೆ ರಾತ್ರಿಯೆಲ್ಲ ನೀರಿನಲ್ಲಿ ನೆನೆಯುವ ಅವಕಾಶ ಬೇಕು. ಬಹುಕಾಲ ಸೆಕೆಯಲ್ಲಿ ಮೂಟೆಯೊಳಗಿದ್ದ ಕಾಳು ಎಷ್ಟು ಉರಿ ಕೊಟ್ಟರೂ ಬೇಗನೆ ಮೆದುವಾಗದು. ನೀರು ಗಡಸಾಗಿದ್ದರೆ ಅದರಲ್ಲಿರುವ ಸುಣ್ಣದ ಅಂಶವು ಕಾಳಿನ ಸಿಪ್ಪೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹಿರಿಯರು ಹೊಗಳಿದ ನದಿಯ ನೀರು ಒಲೆಯ ಮೇಲಿದ್ದಾಗ ಒಂದು ಬಗೆಯಾದರೆ, ಕೊಳವೆಬಾವಿಯ ಗಡಸುನೀರು ಇದ್ದಾಗ ಇನ್ನೊಂದು ಬಗೆ. ಹುಣಿಸೆಯ ರಸವನ್ನು ಅವಸರಪಟ್ಟು ಮೊದಲೇ ಸುರಿದರಂತೂ ಕಾಳು ಹಠ ಹಿಡಿದು ಗಟ್ಟಿಯಾಗಿಯೇ ಉಳಿಯುತ್ತದೆ. ಕಾಳು ಬೆಂದ ಬಳಿಕವೇ ಹುಳಿ ಎಂಬ ಕ್ರಮವನ್ನು ಮನೆಯ ಅಜ್ಜಿಯರು ಯಾವ ರಸಾಯನಶಾಸ್ತ್ರವನ್ನೂ ಓದದೆ ತಿಳಿದಿದ್ದರು.

ಈ ಕಷ್ಟಗಳಿಗೆಲ್ಲ ಒಂದು ಸುಲಭವಾದ ದಾರಿಯುಂಟು: ಅದು ಅಡಿಗೆ ಸೋಡ. ಒಂದು ಚಿಟಿಕೆ ಬಿದ್ದರೆ ಸಾಕು, ಕಾಳು ಬೇಗ ಬೇಯುತ್ತದೆ, ಸೌದೆಯೋ ಅನಿಲವೋ ಉಳಿಯುತ್ತದೆ. ಹೋಟೆಲಿನಲ್ಲಿ ಹೊತ್ತು ಎಂದರೆ ಹಣವೇ ಆದುದರಿಂದ ಈ ದಾರಿ ಹಿಡಿದವರನ್ನು ಪೂರ್ಣವಾಗಿ ದೂಷಿಸುವಂತಿಲ್ಲ. ಆದರೆ ಸೋಡ ಸೇರಿದ ಕಾಳಿನಲ್ಲಿ ಬಿ-1 ಜೀವಸತ್ವವು ಬಹುಮಟ್ಟಿಗೆ ನಾಶವಾಗುತ್ತದೆ. ನೂರು ಗ್ರಾಂ ಒಣ ಅವರೆಯಲ್ಲಿ ಸುಮಾರು 20ರಿಂದ 25 ಗ್ರಾಂಗಳಷ್ಟು ಸಸಾರಜನಕವಿದೆ; ಬಡವನ ದೇಹಕ್ಕೆ ಬಲ ಕೊಡುವ ಇಂತಹ ಆಹಾರದಿಂದ ಒಂದು ಒಳ್ಳೆಯ ಅಂಶವನ್ನು ಕಳೆದು ಬಡಿಸುವುದು ವಿಷಾದದ ಸಂಗತಿ. ಸೋಡದ ಗುರುತನ್ನು ನಾಲಗೆ ಹಿಡಿಯಬಲ್ಲುದು. ಸಿಪ್ಪೆ ಕಳಚಿ ಸಾರಿನಲ್ಲಿ ತೇಲುತ್ತದೆ, ಕಾಳು ಹಿಟ್ಟಾಗಿರುತ್ತದೆ, ಸಾಬೂನನ್ನು ನೆನಪಿಗೆ ತರುವ ಒಂದು ಒಗರು ಬಾಯಿಯಲ್ಲಿ ಉಳಿಯುತ್ತದೆ. ಹದವಾಗಿ ಬೆಂದ ಕಾಳಾದರೋ ಇಡಿಯಾಗಿ ಕಾಣುತ್ತದೆ; ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಒತ್ತಿದರೆ ಬೆಣ್ಣೆಯಂತೆ ಮಣಿಯುತ್ತದೆ.

ಹಿದುಕಿದ ಬೇಳೆಯ ಸಾರಿನ ಪರೀಕ್ಷೆ ಬೇರೆ. ಹಸಿಯ ಅವರೆಕಾಳನ್ನು ನೆನೆಹಾಕಿ, ಒಂದೊಂದನ್ನೇ ಬೆರಳಿನಿಂದ ಹಿದುಕಿ ಸಿಪ್ಪೆ ತೆಗೆಯಬೇಕು. ಮನೆಯಲ್ಲಿ ನಾಲ್ಕು ಜನ ಹರಟುತ್ತ ಕುಳಿತು ಮುಗಿಸುವ ಈ ಕೆಲಸಕ್ಕೆ ಹೋಟೆಲಿನಲ್ಲಿ ಕೂಲಿ ಕೊಡಬೇಕು. ಆದುದರಿಂದ ಅದರ ಬೆಲೆ ಹೆಚ್ಚೆಂದು ಹುಬ್ಬುಗಂಟಿಕ್ಕುವವರು ಒಮ್ಮೆ ಒಂದು ಪಾವು ಕಾಳನ್ನು ತಾವೇ ಹಿದುಕಿ ನೋಡಬೇಕು.

ತೀರ್ಪು ಹೇಳುವವನು ಸ್ಥಳದ ಸ್ವಭಾವವನ್ನೂ ಅರಿತಿರಬೇಕು. ಭದ್ರಾವತಿಯ ಊಟದ ಮನೆಗಳು ಬೆಳೆದದ್ದು ಕಾರ್ಖಾನೆಗಳ ನೆರಳಿನಲ್ಲಿ. ಅಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆಯ ಸಂಸ್ಥೆ ಸ್ಥಾಪನೆಯಾಯಿತು. ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಬೇಕಾದುದು ಮುದ್ದೆ ಮುಳುಗುವಷ್ಟು ಸಾರು, ಸಾರಿನಲ್ಲಿ ಕೈಗೆ ಸಿಕ್ಕುವಷ್ಟು ಕಾಳು. ಆ ದೊಡ್ಡ ಜನಸಂದಣಿ ಈಗ ಕರಗಿದೆ. ಕಾಗದದ ಕಾರ್ಖಾನೆಯಂತೂ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆಗಿವೆ. ಗಿರಾಕಿ ಕಡಿಮೆಯಾದ ಊರಿನಲ್ಲಿ ಸಣ್ಣ ಹೋಟೆಲಿನವನು ನಾಳೆಗೆಂದು ಎಷ್ಟು ಸೇರು ಕಾಳು ನೆನೆಹಾಕಬೇಕು? ಹೆಚ್ಚಾದರೆ ಮಿಕ್ಕು ಹಳಸುತ್ತದೆ, ಕಡಿಮೆಯಾದರೆ ಬಂದವನು ಬರಿಗೈಯಲ್ಲಿ ಹೋಗುತ್ತಾನೆ. ಶಿವಮೊಗ್ಗದ ದೊಡ್ಡ ಬೀದಿಯಲ್ಲಿ, ತಂಪಾದ ಕೊಠಡಿಯಲ್ಲಿ ಬಡಿಸುವ ಬಟ್ಟಲನ್ನು ಇದರ ಪಕ್ಕದಲ್ಲಿಟ್ಟು ನಕ್ಷತ್ರಗಳನ್ನು ಹಂಚುವವನಿಗೆ ಈ ಲೆಕ್ಕ ಕಾಣುವುದೇ ಇಲ್ಲ.

ದಿನವೂ ಒಂದೇ ರುಚಿ ಬೇಕೆನ್ನುವವರಿಗೆ ಡಬ್ಬಿಯ ಕಾಳು ಇದೆ. ಅಮೆರಿಕದ ಹೈನ್ಜ್ ಸಂಸ್ಥೆಯು ಟೊಮೇಟೊ ರಸದಲ್ಲಿ ಅದ್ದಿದ ಬಿಳಿಯ ಬೀನ್ಸ್ ಕಾಳನ್ನು ಲಂಡನ್ನಿನ ಒಂದು ಅಂಗಡಿಯಲ್ಲಿ ಮಾರಾಟಕ್ಕಿಟ್ಟಿತು. ಇಂದು ಇಂಗ್ಲೆಂಡಿನ ಬೆಳಗಿನ ಉಪಾಹಾರಕ್ಕೆ ಅದು ಬೇಕೇ ಬೇಕು. ಅದನ್ನು ಸುಟ್ಟ ಕಾಳೆಂದು ಕರೆದರೂ ಇಂದು ಬೇಯಿಸುವುದು ಡಬ್ಬಿಯೊಳಗೆ, ಹಬೆಯಲ್ಲಿ. ಒಂದು ಡಬ್ಬಿಗೂ ಮತ್ತೊಂದಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ತೀರ್ಪು ಹೇಳಲು ಏನೂ ಉಳಿದಿಲ್ಲ, ಹೊಗಳಿಸಿಕೊಳ್ಳಲು ಅಡಿಗೆಯವನೂ ಇಲ್ಲ.

ಇಲ್ಲಿ ಅಡಿಗೆಯವನು ಗೋಡೆಯ ಆಚೆಯೇ ಇದ್ದಾನೆ. ಗಿರಾಕಿಗಳೆಲ್ಲ ಕೆಂಪು ಬಣ್ಣವನ್ನೂ ಖಾರವನ್ನೂ ಮಾತ್ರ ಮೆಚ್ಚುತ್ತ ಬಂದರೆ ಅವನು ರಾತ್ರಿ ನೆನೆಹಾಕುವ ತೊಂದರೆಯನ್ನು ಬಿಟ್ಟು ಸೋಡದ ಡಬ್ಬಿಗೆ ಕೈ ಹಾಕುವುದು ಸಹಜ. ಕಾಳು ಕೆಟ್ಟಿದ್ದರೆ ಊರಿಗೆ ಸಾರುವ ಮೊದಲು ಅವನಿಗೇ ಹೇಳಬೇಕು. ಮಾಣಿಯ ಕೈಯಲ್ಲಿ ಹೇಳಿಕಳಿಸಿದ ಮಾತು ಅಡಿಗೆಮನೆಯ ಬಾಗಿಲು ದಾಟುವುದು ಅಪರೂಪ. ಚೆನ್ನಾಗಿದ್ದರೂ ಅಷ್ಟೇ. ‘ಊಟ ಚೆನ್ನಾಗಿತ್ತು’ ಎಂದರೆ ಅವನಿಗೆ ತಿಳಿಯುವುದು ಏನೂ ಇಲ್ಲ. ‘ಇಂದು ಕಾಳು ಹದವಾಗಿ ಬೆಂದಿದೆ’ ಎಂದರೆ ಮಾತ್ರ ನಿನ್ನೆ ರಾತ್ರಿ ಹಾಕಿದ ನೀರು, ಬೆಳಗ್ಗೆ ಕೊಟ್ಟ ಉರಿ, ಹುಳಿ ಬೆರೆಸಿದ ಹೊತ್ತು ಎಲ್ಲವೂ ಒಂದೊಂದಾಗಿ ಅವನ ನೆನಪಿಗೆ ಬರುತ್ತವೆ.